ಬರೆದ ಕತೆಯನ್ನು ತಿದ್ದುವುದು ಹೇಗೆ? ಹವ್ಯಾಸಿ ಕತೆಗಾರರಿಗೆ ಹಂತ ಹಂತದ ಮಾರ್ಗದರ್ಶಿ

ಕೊಡಗಿನಲ್ಲಿ ಬಿಡುವಿನ ಹೊತ್ತಲ್ಲಿ ಕತೆ ಬರೆಯುವವರು ಕಡಿಮೆಯೇನಿಲ್ಲ. ಮೇಷ್ಟ್ರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ತೋಟ ನೋಡಿಕೊಳ್ಳುವವರಿದ್ದಾರೆ, ಅಡುಗೆ ಮುಗಿಸಿ ರಾತ್ರಿ ಹತ್ತರ ಮೇಲೆ ಬರೆಯಲು ಕೂರುವ ಗೃಹಿಣಿಯರಿದ್ದಾರೆ. ಇವರಲ್ಲಿ ಹೆಚ್ಚಿನವರ ದೂರು ಒಂದೇ: ‘ಎಷ್ಟು ಸಲ ತಿದ್ದಿದರೂ ಕತೆ ಸಪ್ಪೆಯಾಗೇ ಇರುತ್ತೆ.’

ಅಂಥ ಕತೆಗಳನ್ನು ಓದಿದಾಗ ನನಗೆ ಕಾಣುವ ತೊಂದರೆ ಭಾಷೆಯದ್ದಲ್ಲ, ಕಲ್ಪನೆಯದ್ದೂ ಅಲ್ಲ. ತಿದ್ದುವ ಕ್ರಮದ್ದು. ಎಲ್ಲರೂ ಮೊದಲ ವಾಕ್ಯದಿಂದ ತಿದ್ದಲು ಶುರು ಮಾಡುತ್ತಾರೆ. ಒಂದು ಪದ ತೆಗೆದು ಇನ್ನೊಂದು ಹಾಕುತ್ತಾರೆ, ಉಪಮೆ ಸೇರಿಸುತ್ತಾರೆ. ಆ ಮೊದಲ ಪುಟವೇ ಕತೆಗೆ ಬೇಕಿರಲಿಲ್ಲ ಎಂಬುದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಒಂದು ವಾರ ಕೂತು ಚೆಂದ ಮಾಡಿದ ಪುಟವನ್ನು ಹರಿದು ಹಾಕಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ?

ಅದಕ್ಕೇ ಇಲ್ಲಿ ಹೇಳಿರುವ ಹಂತಗಳನ್ನು ಹಿಂದುಮುಂದು ಮಾಡಬೇಡಿ. ದೊಡ್ಡದು ಮೊದಲು, ಚಿಕ್ಕದು ಆಮೇಲೆ. ಅಭ್ಯಾಸಕ್ಕೆ 1500ರಿಂದ 2000 ಪದಗಳ ಒಂದು ಸಣ್ಣಕತೆ ಸಾಕು. ಕಾದಂಬರಿಯನ್ನು ಈಗಲೇ ಕೈಗೆತ್ತಿಕೊಳ್ಳಬೇಡಿ.

## ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಕನ್ನಡ ಟೈಪ್ ಮಾಡಲು ಫೋನೋ ಕಂಪ್ಯೂಟರೋ, ತಿದ್ದುವ ಹೊತ್ತಿಗೆ ಒಂದು ಪ್ರಿಂಟ್. ಇಷ್ಟೇ.

ಫೋನಿನಲ್ಲೇ ಬರೆಯುವವರು ಕೂಡ ತಿದ್ದುವುದನ್ನು ಕಾಗದದ ಮೇಲೇ ಮಾಡಿ. ಫೋನಿನ ಪರದೆಯಲ್ಲಿ ಒಂದು ಸಲಕ್ಕೆ ಕೆಲವೇ ವಾಕ್ಯ ಕಾಣುತ್ತವೆ. ಹಾಗಾಗಿ ಕೈ ತಾನಾಗೇ ವಾಕ್ಯ ತಿದ್ದಲು ಹೋಗುತ್ತದೆ, ಕತೆಯ ಆಕಾರ ಕಣ್ಣಿಗೆ ಬೀಳುವುದೇ ಇಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸಾಲುಗಳ ನಡುವೆ ಜಾಸ್ತಿ ಜಾಗ ಬಿಟ್ಟು, ಹಾಳೆಯ ಒಂದೇ ಬದಿಗೆ ಪ್ರಿಂಟ್ ಹಾಕಿಸಿ. ಎರಡೂ ಬದಿಗೆ ಹಾಕಿಸಿದರೆ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ನೋಡಲು ಆಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕರೆಂಟಿನ ಕತೆ ನಿಮಗೇ ಗೊತ್ತು. ಮಳೆಗಾಲದಲ್ಲಿ ಮೊದಲ ಕರಡು ನೋಟ್‌ಬುಕ್ಕಿನಲ್ಲಿರಲಿ. ಟೈಪ್ ಮಾಡಿದ್ದನ್ನು ಅಂದಂದೇ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಮಾತಾಡಿ ಟೈಪ್ ಮಾಡಿಸುವವರು ಆ ದಿನವೇ ಒಮ್ಮೆ ಓದಿ. ಅದು ಪೂರ್ಣವಿರಾಮ ನುಂಗುತ್ತದೆ, ಮಹಾಪ್ರಾಣ ತಪ್ಪಿಸುತ್ತದೆ. ಎರಡು ವಾರ ಬಿಟ್ಟು ನೋಡಿದರೆ ಏನು ಹೇಳಿದ್ದಿರಿ ಅಂತ ನಿಮಗೇ ನೆನಪಿರುವುದಿಲ್ಲ.

## ಹಂತ 1: ಕತೆಯನ್ನು ಒಂದು ವಾಕ್ಯಕ್ಕೆ ಇಳಿಸಿ

ಬರೆಯುವ ಮೊದಲು ಈ ಮೂರಕ್ಕೆ ಉತ್ತರ ಬೇಕು: ಯಾರಿಗೆ ಏನು ಬೇಕು? ಅಡ್ಡ ಬರುವುದು ಏನು? ಅವರು ಏನನ್ನು ಆರಿಸಿಕೊಳ್ಳಲೇಬೇಕು?

‘ತೋಟದ ಕಾರ್ಮಿಕರ ಬದುಕಿನ ಬವಣೆ’ ಎನ್ನುವುದು ಕತೆಯಲ್ಲ, ವಿಷಯ. ವಿಷಯದ ಮೇಲೆ ಪ್ರಬಂಧ ಬರೆಯಬಹುದು. ಕತೆಗೆ ಒಬ್ಬ ವ್ಯಕ್ತಿ ಬೇಕು, ಆ ವ್ಯಕ್ತಿಗೆ ಒಂದು ಇಕ್ಕಟ್ಟು ಬೇಕು.

ಈ ಮಾರ್ಗದರ್ಶಿಗೆಂದು ಒಂದು ಕತೆ ಕಟ್ಟಿಕೊಳ್ಳೋಣ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟ. ಗಣೇಶ ಅಲ್ಲಿನ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. ಕುಯ್ಲಿನ ಸಮಯ. ಕುಯ್ದ ಹಣ್ಣಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ಚೀಲ ತೂಗಿ ಪುಸ್ತಕದಲ್ಲಿ ಬರೆಯುವುದು ಇವನ ಕೆಲಸ. ಒಂದು ವಾಕ್ಯದಲ್ಲಿ ಕತೆ ಹೀಗೆ: ‘ಮಗಳ ಕಾಲೇಜು ಫೀಸಿಗೆ ಮಾಲೀಕರ ಹತ್ತಿರ ಸಾಲ ಕೇಳಬೇಕಾದ ರೈಟರ್‌ಗೆ, ಪ್ರತಿ ಚೀಲದಲ್ಲೂ 2 ಕೆಜಿ ಕಮ್ಮಿ ಬರೆಯಲು ಅದೇ ಮಾಲೀಕರು ಹೇಳುತ್ತಾರೆ.’

ಬೇಕಾದ್ದು ಸಾಲ. ಅಡ್ಡ ಬಂದಿದ್ದು 2 ಕೆಜಿ. ಸಂಜೆಯೊಳಗೆ ಪುಸ್ತಕದಲ್ಲಿ ಒಂದು ಅಂಕಿ ಬರೆಯಲೇಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಇನ್ನು ಬರೆಯಬಹುದು.

ಎಚ್ಚರಿಕೆ: ನಿಮ್ಮ ವಾಕ್ಯದಲ್ಲಿ ‘ನೋವು’, ‘ಬದುಕು’, ‘ಮೌಲ್ಯ’, ‘ಸಂಬಂಧಗಳ ಗೋಜಲು’ ಇಂಥ ಪದಗಳು ಬಂದರೆ ಕತೆ ಇನ್ನೂ ಸಿಕ್ಕಿಲ್ಲ ಎಂದರ್ಥ. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು, ಒಂದು ದಿನಾಂಕ, ಒಂದು ಮೊತ್ತ ಆ ವಾಕ್ಯದೊಳಗೆ ಬರಲಿ.

## ಹಂತ 2: ಹಿಂದೆ ತಿರುಗದೆ ಮೊದಲ ಕರಡು ಮುಗಿಸಿ

ಮೊದಲ ಕರಡಿಗೆ ಒಂದೇ ನಿಯಮ: ನಿನ್ನೆ ಬರೆದಿದ್ದನ್ನು ಇಂದು ಓದಬಾರದು. ಕೊನೆಯ ಎರಡು ಸಾಲು ನೋಡಿ, ಮುಂದೆ ಬರೆಯಿರಿ. ಸರಿಯಾದ ಪದ ಸಿಗದಿದ್ದರೆ ಒಂದು ಗೆರೆ ಎಳೆದು ದಾಟಿಕೊಳ್ಳಿ. ಪಾತ್ರದ ಹೆಸರು ಮಧ್ಯದಲ್ಲಿ ಬದಲಾದರೂ ಪರವಾಗಿಲ್ಲ.

ಕೆಲವು ಮಿತಿ ಹಾಕಿಕೊಂಡರೆ ಮುಗಿಸುವುದು ಸುಲಭ. ಹೆಸರಿರುವ ಪಾತ್ರ ನಾಲ್ಕಕ್ಕಿಂತ ಹೆಚ್ಚು ಬೇಡ. ಕತೆ ನಡೆಯುವ ಕಾಲ ಎರಡು ಮೂರು ದಿನದೊಳಗಿರಲಿ. ಒಬ್ಬರ ಕಣ್ಣಿನಿಂದ ಮಾತ್ರ ನೋಡಿ. ಗಣೇಶನ ಕತೆಯಾದರೆ ಅವನು ಕಾಣದ್ದು, ಕೇಳದ್ದು ಕತೆಯಲ್ಲಿ ಬರಬಾರದು. ಮಾಲೀಕರ ಮನಸ್ಸಿನೊಳಗೆ ಹೊಕ್ಕು ‘ಅವರಿಗೂ ಬೇಸರವಾಯಿತು’ ಎಂದು ಬರೆಯುವ ಆಸೆ ಬರುತ್ತದೆ. ಬರೆಯಬೇಡಿ. ಅವರ ಬೇಸರ ಗಣೇಶನಿಗೆ ಹೇಗೆ ಕಂಡಿತು ಎಂಬುದನ್ನಷ್ಟೇ ಬರೆಯಿರಿ.

ಹೆಚ್ಚಿನವರು ಬಿಟ್ಟು ಹೋಗುವುದು ಕತೆಯ ಮಧ್ಯಭಾಗದಲ್ಲಿ. ಶುರುವಿನ ಹುರುಪು ಮುಗಿದಿರುತ್ತದೆ, ಕೊನೆ ದೂರ ಇರುತ್ತದೆ. ಆಗ ಹೊಸ ಪಾತ್ರ ತರುವುದು, ಹಳೆಯ ನೆನಪಿಗೆ ಹಾರುವುದು ಎರಡೂ ಅಪಾಯ. ಅದರ ಬದಲು ಇಕ್ಕಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿ. ಮಗಳ ಕಾಲೇಜಿನಿಂದ ಫೋನ್ ಬರಲಿ. ಅಥವಾ ಈ ಸಂಜೆ ತೂಕಕ್ಕೆ ಬಂದವರು ಗಣೇಶನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಪಾರ್ವತಕ್ಕ ಆಗಿರಲಿ.

## ಹಂತ 3: ಕರಡನ್ನು ಮುಟ್ಟದೆ ಇಡಿ

ಎರಡು ವಾರ ಸಾಕು, ಒಂದು ತಿಂಗಳಾದರೆ ಇನ್ನೂ ಒಳ್ಳೆಯದು. ಈ ಹಂತವನ್ನು ಬಿಡುವವರೇ ಜಾಸ್ತಿ. ಬರೆದ ಕೂಡಲೇ ಓದಿದರೆ ಕಾಗದದ ಮೇಲೆ ಇರುವುದು ಕಾಣುವುದಿಲ್ಲ, ತಲೆಯಲ್ಲಿ ಇರುವುದು ಕಾಣುತ್ತದೆ.

ಈ ದಿನಗಳಲ್ಲಿ ಸುಮ್ನೆ ಕೂರಬೇಡಿ. ನಿಮಗೆ ಇಷ್ಟವಾದ ಒಂದು ಸಣ್ಣಕತೆ ತೆಗೆದುಕೊಂಡು ಅದರ ಎರಡು ಪುಟ ಕೈಯಿಂದ ನಕಲು ಮಾಡಿ. ಆಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಏನು ಮಾಡುತ್ತಿದೆ ಎಂದು ಎರಡು ಮೂರು ಪದದಲ್ಲಿ ಬರೆಯಿರಿ: ‘ಜಾಗ ತೋರಿಸುತ್ತದೆ’, ‘ಜಗಳ ಶುರು’, ‘ಅಜ್ಜಿಯ ಸುಳ್ಳು’. ನಾಲ್ಕು ಕತೆಗೆ ಹೀಗೆ ಮಾಡಿದರೆ ಒಳ್ಳೆಯ ಕತೆಗಾರರು ವಿವರಣೆಗೆ ಎಷ್ಟು ಕಮ್ಮಿ ಜಾಗ ಕೊಡುತ್ತಾರೆ ಎಂಬುದು ಕೈಗೇ ಗೊತ್ತಾಗುತ್ತದೆ. ‘ಜಾಸ್ತಿ ಓದಿ’ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ಆದರೆ ಸುಮ್ಮನೆ ಓದಿದರೆ ಕತೆಯ ಸುಖ ಸಿಗುತ್ತದೆ, ಕೆಲಸ ಕಲಿತಂತೆ ಆಗುವುದಿಲ್ಲ.

## ಹಂತ 4: ದೃಶ್ಯಗಳ ಪಟ್ಟಿ ಮಾಡಿ, ಬೇಡದ್ದನ್ನು ಕತ್ತರಿಸಿ

ಈಗ ಪ್ರಿಂಟ್ ತೆಗೆಯಿರಿ. ವಾಕ್ಯ ತಿದ್ದಬೇಡಿ, ಪೆನ್ನನ್ನು ಅಕ್ಷರದ ಮೇಲೆ ಇಡಲೇಬೇಡಿ. ನೋಟ್‌ಬುಕ್ಕಿನಲ್ಲಿ ಪ್ರತಿ ದೃಶ್ಯಕ್ಕೆ ಒಂದೊಂದು ಸಾಲು ಬರೆಯಿರಿ: ಎಲ್ಲಿ, ಯಾರು, ಬರುವಾಗ ಅವರಿಗೆ ಏನು ಬೇಕಿತ್ತು, ಹೋಗುವಾಗ ಏನು ಬದಲಾಗಿತ್ತು.

ನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲದ ದೃಶ್ಯ ಕತೆಗೆ ಬೇಡ. ಅದರಲ್ಲಿ ಒಂದು ಒಳ್ಳೆಯ ಮಾತಿದ್ದರೆ ಬೇರೆ ದೃಶ್ಯಕ್ಕೆ ಸಾಗಿಸಿ. ಕತ್ತರಿಸಿದ ಭಾಗವನ್ನು ಎಸೆಯಬೇಕಿಲ್ಲ, ಬೇರೆ ಫೈಲಿನಲ್ಲಿಡಿ. ಹೀಗೆ ಇಟ್ಟುಕೊಂಡರೆ ಕತ್ತರಿಸಲು ಧೈರ್ಯ ಬರುತ್ತದೆ.

ಕತೆ ಎಲ್ಲಿ ಶುರುವಾಗಬೇಕು? ನಮ್ಮ ಕಡೆಯ ಕತೆಗಳ ದೊಡ್ಡ ರೋಗ ಇಲ್ಲಿದೆ. ಮಂಜು ಮುಸುಕಿದ ಮಡಿಕೇರಿ, ಜಿಟಿಜಿಟಿ ಮಳೆ, ಹಸಿರು ಹೊದ್ದ ಬೆಟ್ಟ, ಕಾಫಿ ಹೂವಿನ ಪರಿಮಳ. ಇಷ್ಟಾಗುವ ಹೊತ್ತಿಗೆ ಒಂದೂವರೆ ಪುಟ ಮುಗಿದಿರುತ್ತದೆ, ಒಬ್ಬ ಮನುಷ್ಯನೂ ಬಂದಿರುವುದಿಲ್ಲ. ಇದು ಪ್ರವಾಸಕ್ಕೆ ಬಂದವರ ಕಣ್ಣು. ಇಲ್ಲೇ ಹುಟ್ಟಿ ಬೆಳೆದವರು ಬೆಳಿಗ್ಗೆ ಎದ್ದು ಮಂಜು ನೋಡಿ ಬೆರಗಾಗುತ್ತಾರಾ? ಕಣದಲ್ಲಿ ಹರಡಿದ ಕಾಫಿ ಒಣಗುತ್ತೋ ಇಲ್ಲವೋ ಅಂತ ನೋಡುತ್ತಾರೆ. ಗಣೇಶನ ಕತೆ ಶುರುವಾಗಬೇಕಾದ್ದು ಮಾಲೀಕರು ‘2 ಕೆಜಿ’ ಎಂದು ಹೇಳುವಲ್ಲಿ. ಮುಂಚಿನದೆಲ್ಲ ಆಮೇಲೆ, ಬೇಕಾದಷ್ಟೇ, ಮಾತಿನ ನಡುವೆ ಬರಲಿ.

ಒಂದು ಪರೀಕ್ಷೆ ಇದೆ. ಮೊದಲ ಪುಟವನ್ನು ಪಕ್ಕಕ್ಕಿಟ್ಟು ಎರಡನೆಯ ಪುಟದಿಂದ ಯಾರಿಗಾದರೂ ಓದಿ ಹೇಳಿ. ಅವರಿಗೆ ಅರ್ಥವಾದರೆ ಮೊದಲ ಪುಟ ಬೇಡ.

ಕೊನೆಯನ್ನೂ ಈ ಹಂತದಲ್ಲೇ ನೋಡಿ. ಹವ್ಯಾಸಿ ಕತೆಗಳು ಮುಗಿಯುವ ದಾರಿ ಮೂರು ನಾಲ್ಕೇ: ಸಾವು, ‘ಅದೊಂದು ಕನಸು’, ಯಾರೋ ಬಂದು ಬುದ್ಧಿ ಹೇಳುವುದು, ಇಲ್ಲವಾದರೆ ಬೆಟ್ಟ ಜರಿಯುವುದು. ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು. 2018ರ ಆಗಸ್ಟಿನ ನಂತರ ಕೊಡಗಿನ ಕತೆಗಳಲ್ಲಿ ಭೂಕುಸಿತ ಬರುವುದು ಸಹಜ, ಬರಲೂಬೇಕು. ಆದರೆ ಅಣ್ಣತಮ್ಮಂದಿರ ಜಗಳ ಬಗೆಹರಿಸಲು ದಾರಿ ಕಾಣದೆ ಕೊನೆಯ ಪ್ಯಾರಾದಲ್ಲಿ ಗುಡ್ಡ ಬೀಳಿಸಿದರೆ ಅದು ಕತೆಗಾರನ ಸೋಮಾರಿತನ. ಮಕ್ಕಂದೂರಿನಲ್ಲೋ ಜೋಡುಪಾಲದಲ್ಲೋ ಮನೆ ಕಳೆದುಕೊಂಡವರೂ ನಿಮ್ಮ ಕತೆ ಓದಬಹುದು. ಕುಸಿತದಿಂದ ಕತೆ ಶುರು ಮಾಡಿ, ಆಮೇಲೆ ಜನ ಏನು ಮಾಡಿದರು ನೋಡಿ.

ಕೊನೆ ಸರಿಯಿದೆಯೇ ಎಂದು ತಿಳಿಯಲು ಹಂತ 1ರ ವಾಕ್ಯಕ್ಕೆ ವಾಪಸು ಹೋಗಿ. ಗಣೇಶ ಏನು ಬರೆದ? ಅದರಿಂದ ಅವನು ಏನು ಕಳೆದುಕೊಂಡ? ಇವೆರಡೂ ಓದುಗರಿಗೆ ಗೊತ್ತಾಗಿದ್ದರೆ ಅಲ್ಲೇ ನಿಲ್ಲಿಸಿ. ಅದರ ಮೇಲೆ ಇನ್ನೊಂದು ಪ್ಯಾರಾ ಇದ್ದರೆ ಅದು ಬಹುಪಾಲು ಉಪದೇಶವೇ ಆಗಿರುತ್ತದೆ. ಕಣ್ಣು ಮುಚ್ಚಿ ಹೊಡೆದು ಹಾಕಿ.

## ಹಂತ 5: ವರದಿಯನ್ನು ದೃಶ್ಯ ಮಾಡಿ

ಉಳಿದ ದೃಶ್ಯಗಳಲ್ಲಿ ಮುಖ್ಯವಾದ ಎರಡೋ ಮೂರೋ ಆರಿಸಿ. ಅವು ವರದಿಯ ಹಾಗಿವೆಯೇ, ಕಣ್ಣ ಮುಂದೆ ನಡೆಯುತ್ತಿವೆಯೇ ನೋಡಿ. ಮೊದಲ ಕರಡಿನಲ್ಲಿ ತೂಕದ ದೃಶ್ಯ ಹೀಗಿತ್ತು ಅಂದುಕೊಳ್ಳಿ:

*ಗಣೇಶನಿಗೆ ತುಂಬಾ ಸಂಕಟವಾಯಿತು. ಬಡವರ ಹೊಟ್ಟೆಯ ಮೇಲೆ ಹೊಡೆಯುವುದು ಅನ್ಯಾಯ ಎಂದು ಅವನ ಮನಸ್ಸಾಕ್ಷಿ ಚುಚ್ಚಿತು. ಆದರೆ ಮಗಳ ಭವಿಷ್ಯ ಕಣ್ಣ ಮುಂದೆ ಬಂದಿತು. ಏನು ಮಾಡಬೇಕೆಂದು ತಿಳಿಯದೆ ಅವನು ಚಡಪಡಿಸಿದನು.*

ಇಲ್ಲಿ ನಾಲ್ಕು ವಾಕ್ಯ ಇವೆ, ಒಂದೂ ಕಣ್ಣಿಗೆ ಕಾಣುವುದಿಲ್ಲ. ಈ ನಾಲ್ಕು ವಾಕ್ಯವನ್ನು ಹೆಸರು ಬದಲಿಸಿ ಯಾವ ಕತೆಗೆ ಬೇಕಾದರೂ ಹಾಕಬಹುದು. ಈಗ ಇದನ್ನು ಓದಿ:

*ಪಾರ್ವತಕ್ಕನ ಚೀಲ ಕೊಕ್ಕೆಗೆ ಬಿತ್ತು. ಮುಳ್ಳು 48ರ ಹತ್ತಿರ ಅಲುಗಾಡಿ ನಿಂತಿತು. ಗಣೇಶ ಪುಸ್ತಕದಲ್ಲಿ 46 ಎಂದು ಬರೆದ.*

*‘ಎಷ್ಟಾಯ್ತು ರೈಟ್ರೆ?’*

*‘ಬರ್ದಿದ್ದೀನಿ. ಮುಂದಿನ ಚೀಲ ಹಾಕಿ.’*

*‘ಬರ್ದಿದ್ದು ಎಷ್ಟು ಅಂತ ಕೇಳ್ದೆ.’*

*ಅವನು ಟಾರ್ಚನ್ನು ಮುಳ್ಳಿನ ಮೇಲಿಂದ ತೆಗೆದು ಪುಸ್ತಕದ ಮೇಲೆ ಹಿಡಿದ. ‘ಬೆಳಕು ಸರಿಯಿಲ್ಲಕ್ಕ. ನಾಳೆ ನೋಡಿ ಹೇಳ್ತೀನಿ.’*

ಸಂಕಟ ಎಂಬ ಪದವಿಲ್ಲ, ಮನಸ್ಸಾಕ್ಷಿ ಇಲ್ಲ. 48 ಮತ್ತು 46ರ ನಡುವೆ ಎಲ್ಲವೂ ಇದೆ. ಬೆಳಕು ಸರಿಯಿಲ್ಲ ಎನ್ನುವವನ ಕೈಯಲ್ಲೇ ಟಾರ್ಚ್ ಇದೆ. ಓದುವವರು ತಾವೇ ಕಂಡುಹಿಡಿದದ್ದನ್ನು ನಂಬುತ್ತಾರೆ, ನಾವು ಹೇಳಿದ್ದನ್ನು ಅಷ್ಟು ನಂಬುವುದಿಲ್ಲ.

ನಿಮ್ಮ ಕರಡಿನಲ್ಲಿ ಇದನ್ನು ಮಾಡುವ ವಿಧಾನ: ಕೆಂಪು ಪೆನ್ನಿನಿಂದ ಭಾವನೆಯ ಹೆಸರುಗಳಿಗೆಲ್ಲ ಗುರುತು ಹಾಕಿ. ದುಃಖ, ಸಿಟ್ಟು, ಸಂಕಟ, ಆನಂದ, ಒಂಟಿತನ. ಆಮೇಲೆ ಒಂದೊಂದಕ್ಕೂ ಕೇಳಿಕೊಳ್ಳಿ: ಆ ಹೊತ್ತಿನಲ್ಲಿ ಇವರ ಕೈ ಏನು ಮಾಡುತ್ತಿತ್ತು? ಉತ್ತರ ಅವರ ಕೆಲಸದಿಂದ ಬರಬೇಕು. ಎಲ್ಲರೂ ಕಿಟಕಿಯ ಹೊರಗೆ ನೋಡುವುದು, ನಿಟ್ಟುಸಿರು ಬಿಡುವುದು, ಕಣ್ಣೀರು ಒರೆಸಿಕೊಳ್ಳುವುದು ಮಾಡಿದರೆ ಮತ್ತೆ ಅದೇ ಹಳೇ ಕತೆ. ರೈಟರ್ ಕೈಯಲ್ಲಿ ಪುಸ್ತಕ ಇದೆ, ಪೆನ್ನಿದೆ, ತಕ್ಕಡಿ ಇದೆ, ಟಾರ್ಚ್ ಇದೆ. ಬೇರೆ ಏನು ಬೇಕು?

ಹಾಗಂತ ಎಲ್ಲವನ್ನೂ ದೃಶ್ಯ ಮಾಡಲು ಹೊರಡಬೇಡಿ. ‘ಮೂರು ದಿನ ಹೀಗೇ ನಡೆಯಿತು’ ಎಂದು ಒಂದು ಸಾಲಿನಲ್ಲಿ ದಾಟಿಸಬೇಕಾದ್ದೂ ಇರುತ್ತದೆ. ಗಣೇಶ ಬೆಳಿಗ್ಗೆ ಎದ್ದು ಹಲ್ಲುಜ್ಜಿ ಕಾಫಿ ಕುಡಿದು ಬೂಟು ಹಾಕಿಕೊಂಡ ವಿವರ ಯಾರಿಗೂ ಬೇಕಿಲ್ಲ.

## ಹಂತ 6: ಮಾತು ಸರಿ ಮಾಡಿ

ಪಾತ್ರಗಳ ಮಾತನ್ನು ಮಾತ್ರ ಬೇರೆ ಹಾಳೆಗೆ ಬರೆದುಕೊಳ್ಳಿ. ಯಾರ ಮಾತು ಎಂಬ ಹೆಸರು ಹಾಕಬೇಡಿ. ಓದಿದರೆ ಯಾರು ಮಾತಾಡುತ್ತಿದ್ದಾರೆ ಎಂದು ಗೊತ್ತಾಗಬೇಕು. ಎಲ್ಲರೂ ಒಂದೇ ಥರ ಮಾತಾಡುತ್ತಿದ್ದರೆ ಅದು ನಿಮ್ಮ ದನಿ, ಅವರದ್ದಲ್ಲ.

ಮೊದಲ ತಪ್ಪು, ಓದುಗರಿಗೆ ಮಾಹಿತಿ ಕೊಡಲು ಪಾತ್ರಗಳನ್ನು ಬಳಸುವುದು. ‘ರೀ, ನಿಮಗೆ ಗೊತ್ತಿರುವಂತೆ ನಮ್ಮ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ, ಫೀಸು ಕಟ್ಟಲು ಇನ್ನು ನಾಲ್ಕೇ ದಿನ ಉಳಿದಿದೆ.’ ಯಾವ ಹೆಂಡತಿ ಗಂಡನಿಗೆ ಹೀಗೆ ಹೇಳುತ್ತಾಳೆ? ಗಂಡನಿಗೆ ಗೊತ್ತಿರುವುದನ್ನು ಬಿಟ್ಟು ಬರೆಯಿರಿ:

*‘ಕಾಲೇಜಿಂದ ಮತ್ತೆ ಫೋನ್ ಬಂದಿತ್ತು.’*

*‘ಏನಂತೆ?’*

*‘ನಿಮ್ಗೇ ಮಾಡ್ತಾರಂತೆ. ನಂಬರ್ ಕೊಟ್ಟೆ.’*

ಎರಡನೇ ವರ್ಷ, ನರ್ಸಿಂಗ್ ಇವೆಲ್ಲ ಬೇಕಾದರೆ ಮುಂದೆ ಎಲ್ಲಾದರೂ ಬರುತ್ತವೆ. ‘ಮತ್ತೆ’ ಎಂಬ ಪದದಲ್ಲಿ ಬಾಕಿ ಇದೆ, ‘ನಂಬರ್ ಕೊಟ್ಟೆ’ಯಲ್ಲಿ ಹೆಂಡತಿಯ ಸಿಟ್ಟಿದೆ.

ಇನ್ನೊಂದು, ನೀನು ಮತ್ತು ನೀವು. ಮಾಲೀಕರು ಗಣೇಶನಿಗೆ ‘ನೀನು’ ಎನ್ನುತ್ತಾರೆ, ಅವನು ಅವರಿಗೆ ‘ನೀವು’ ಎನ್ನುತ್ತಾನೆ. ಪಾರ್ವತಕ್ಕ ಅವನನ್ನು ಎತ್ತಿ ಆಡಿಸಿದವರಾದರೂ ತೂಕದ ಹೊತ್ತಿನಲ್ಲಿ ‘ರೈಟ್ರೆ, ನೀವು’ ಎನ್ನುತ್ತಾರೆ. ಕತೆಯ ಕೊನೆಯ ಹತ್ತಿರ ಅವರು ಒಂದೇ ಒಂದು ಸಲ ‘ಗಣೇಶಾ, ನೀನು ಬರ್ದಿದ್ದು ಎಷ್ಟು?’ ಎಂದರೆ ಸಾಕು, ಪುಟಗಟ್ಟಲೆ ಬೈಗುಳಕ್ಕಿಂತ ಜೋರಾಗಿ ಕೇಳುತ್ತದೆ. ಕರಡಿನಲ್ಲಿ ಯಾರು ಯಾರಿಗೆ ಏನೆಂದು ಕರೆಯುತ್ತಾರೆ ಎಂದು ಚೀಟಿ ಮಾಡಿಟ್ಟುಕೊಳ್ಳಿ. ಗೊತ್ತಿಲ್ಲದೆ ಬದಲಾದರೆ ಅದು ತಪ್ಪು. ಗೊತ್ತಿದ್ದು ಬದಲಿಸಿದರೆ ಅದೇ ಕತೆ.

ಇನ್ನು ನಮ್ಮ ಜಿಲ್ಲೆಯ ವಿಶೇಷ ತೊಡಕು. ಒಂದೇ ತೋಟದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವ ಭಾಷೆ ಕಿವಿಗೆ ಬೀಳುತ್ತವೆ. ಈಗ ಹೊರರಾಜ್ಯದಿಂದ ಬಂದವರ ಹಿಂದಿಯೂ ಸೇರಿದೆ. ಕನ್ನಡ ಕತೆಯಲ್ಲಿ ಇದನ್ನು ಹೇಗೆ ತೋರಿಸುವುದು? ಪೂರ್ತಿ ಸಂಭಾಷಣೆಯನ್ನು ಕೊಡವ ತಕ್ಕ್‌ನಲ್ಲಿ ಬರೆದು ಕೆಳಗೆ ಅರ್ಥ ಕೊಡುವುದು ಒಂದು ತಪ್ಪು. ಓದು ಎರಡು ಸಾಲಿಗೊಮ್ಮೆ ಎಡವುತ್ತದೆ. ಎಲ್ಲರಿಗೂ ಪುಸ್ತಕದ ಕನ್ನಡ ಕೊಡುವುದು ಇನ್ನೊಂದು ತಪ್ಪು. ನನಗೆ ಸರಿ ಕಾಣುವ ದಾರಿ ಇದು: ಕರೆಯುವ ಪದಗಳು ಮೂಲ ಭಾಷೆಯಲ್ಲೇ ಇರಲಿ. ಕೊಡವ ಮನೆಯ ಮಗ ತಾಯಿಯನ್ನು ‘ಅವ್ವ’ ಎಂದೇ ಕರೆಯಲಿ, ಚಿಕ್ಕ ಮಗು ‘ಕುಂಞಿ’ ಆಗಿರಲಿ. ತಿಂಡಿ, ಹಬ್ಬ, ಉಪಕರಣಗಳ ಹೆಸರೂ ಹಾಗೆಯೇ. ಉಳಿದ ಮಾತು ಸರಳವಾದ ಆಡುಗನ್ನಡದಲ್ಲಿರಲಿ. ಕಡಂಬುಟ್ಟು ಎಂದರೇನು ಎಂದು ಪಾತ್ರದ ಬಾಯಲ್ಲಿ ವಿವರಿಸಬೇಡಿ. ತಟ್ಟೆಯಲ್ಲಿ ಪಂದಿ ಕರಿಯ ಪಕ್ಕ ಇಟ್ಟರೆ ತಿನ್ನುವುದು ಅಂತ ಯಾರಿಗಾದರೂ ಗೊತ್ತಾಗುತ್ತದೆ ಅಲ್ವಾ?

ಎಚ್ಚರಿಕೆ: ಕಾರ್ಮಿಕರ ಮಾತನ್ನು ಮಾತ್ರ ತಪ್ಪು ತಪ್ಪಾಗಿ ಬರೆದು, ಮಾಲೀಕರ ಮಾತನ್ನು ಶುದ್ಧವಾಗಿ ಬರೆದಿದ್ದರೆ ಕೂಡಲೇ ನಿಲ್ಲಿಸಿ. ಅದು ಸಹಜತೆಯಲ್ಲ, ಗೇಲಿ. ನಿಮಗೆ ಗೊತ್ತಿಲ್ಲದ ಸಮುದಾಯದ ಮನೆಯೊಳಗಿನ ಮಾತು ಬರೆದಿದ್ದರೆ ಆ ಮನೆಯವರೊಬ್ಬರಿಗೆ ಓದಿಸದೆ ಮುಂದೆ ಹೋಗಬೇಡಿ.

## ಹಂತ 7: ಊರಿನ ಲೆಕ್ಕ ತಾಳೆ ನೋಡಿ

ಕಲ್ಪನೆಯ ಕತೆಗೂ ಕ್ಯಾಲೆಂಡರ್ ಬೇಕು. ಕತೆ ಯಾವ ತಿಂಗಳಲ್ಲಿ ನಡೆಯುತ್ತದೆ ಎಂದು ಹಾಳೆಯ ಮೇಲ್ಗಡೆ ಬರೆದುಕೊಂಡು ಪ್ರತಿ ವಿವರವನ್ನೂ ಅದಕ್ಕೆ ಹೋಲಿಸಿ.

ಅರೇಬಿಕಾ ಕಾಫಿಯ ಕುಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿ. ರೋಬಸ್ಟಾ ಅದರ ನಂತರ, ಫೆಬ್ರವರಿ ದಾಟಿಯೂ ಹೋಗುತ್ತದೆ. ಕಾಫಿ ಹೂ ಅರಳುವುದು ಹೂಮಳೆ ಬಿದ್ದು ಒಂದು ವಾರ, ಹತ್ತು ದಿನದ ಮೇಲೆ. ಹೆಚ್ಚಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ. ಆ ಬಿಳಿ ಹೂ ಕೆಲವೇ ದಿನ ಇರುತ್ತದೆ. ಹಾಗಾಗಿ ಆಗಸ್ಟ್ ಮಳೆಯಲ್ಲಿ ನಾಯಕಿ ಕಾಫಿ ಹೂವಿನ ನಡುವೆ ನಡೆದರೆ ನಮ್ಮೂರಿನ ಓದುಗರು ಪುಸ್ತಕ ಮುಚ್ಚುತ್ತಾರೆ. ನಾಟಿ ಜುಲೈ, ಆಗಸ್ಟ್. ಕಕ್ಕಡ ತಿಂಗಳು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭಕಾರ್ಯ ಮಾಡದ ಆ ತಿಂಗಳಲ್ಲಿ ಕೊಡವರ ಮನೆಯಲ್ಲಿ ಮದುವೆ ಇಟ್ಟರೆ ಎಲ್ಲರೂ ನಗುತ್ತಾರೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಸೆಪ್ಟೆಂಬರ್ ಮೊದಲ ವಾರ. ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ. ಸುಗ್ಗಿ ಹಬ್ಬ ಪುತ್ತರಿ ನವೆಂಬರ್ ಅಥವಾ ಡಿಸೆಂಬರ್ ಹುಣ್ಣಿಮೆಯ ಹೊತ್ತಿಗೆ, ಕದಿರು ತೆಗೆಯುವುದು ರಾತ್ರಿ.

ದಾರಿಯೂ ಅಷ್ಟೇ. ಕೊಡಗಿನಲ್ಲಿ ರೈಲಿಲ್ಲ, ನಿಮ್ಮ ನಾಯಕ ಮಡಿಕೇರಿ ಸ್ಟೇಷನ್ನಿನಲ್ಲಿ ಇಳಿಯಲಾರ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಳಿದು ಬಸ್ ಹತ್ತಬೇಕು. ಮಂಗಳೂರಿನಿಂದ ಬಂದರೆ ಸುಳ್ಯ ದಾಟಿ ಸಂಪಾಜೆ ಘಾಟ್ ಹತ್ತಬೇಕು, ವಾಂತಿ ಬರುವ ಮಗು ಜೊತೆಗಿದ್ದರೆ ಅಲ್ಲೇ ಒಂದು ದೃಶ್ಯ ಇದೆ.

ವಿವರ ಸರಿಯಿದೆ ಎಂದಮಾತ್ರಕ್ಕೆ ಎಲ್ಲವನ್ನೂ ತುರುಕಬೇಡಿ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಕಂಬ, ಕೈಸಾಲೆ, ನಡುಕೋಣೆ ಎಲ್ಲವನ್ನೂ ವರ್ಣಿಸಿದರೆ ಅದು ಗೈಡ್ ಪುಸ್ತಕ. ಪಾತ್ರ ಮುಟ್ಟುವ ಒಂದು ವಸ್ತು ಸಾಕು.

## ಹಂತ 8: ಈಗ ವಾಕ್ಯ ತಿದ್ದಿ

ಇಲ್ಲಿಗೆ ಬರುವ ಹೊತ್ತಿಗೆ ಕತೆ ಸುಮಾರು ಕಾಲುಭಾಗ ಚಿಕ್ಕದಾಗಿರಬೇಕು. ಹೊಸ ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿ. ನಾಚಿಕೆಯಾದರೆ ಬಾಗಿಲು ಹಾಕಿಕೊಳ್ಳಿ. ಉಸಿರು ಸಿಕ್ಕಿಕೊಂಡಲ್ಲಿ ಗುರುತು ಹಾಕಿ, ಆ ವಾಕ್ಯ ಮುರಿಯಬೇಕು.

ಕೆಲವು ಕಡೆ ಹೆಚ್ಚು ಗಮನವಿರಲಿ. ‘ಬಂದನು’ ಎಂದು ಶುರು ಮಾಡಿ ‘ಬಂದ’ ಎಂದು ಮುಂದುವರಿಸಿ, ಮಧ್ಯೆ ‘ಬರುತ್ತಾನೆ’ ಎಂದಿರುತ್ತೀರಿ. ಒಂದನ್ನು ಹಿಡಿದು ಕೊನೆಯವರೆಗೂ ಹೋಗಿ. ‘ನೋಡುತ್ತಾ, ಯೋಚಿಸುತ್ತಾ, ನಡೆಯುತ್ತಾ’ ಎಂಬ ಸರಪಳಿಯಲ್ಲಿ ಒಂದು ‘ಉತ್ತಾ’ ಮಾತ್ರ ಉಳಿಸಿ. ದೃಶ್ಯದಲ್ಲಿ ಇಬ್ಬರು ಗಂಡಸರಿದ್ದಾಗ ‘ಅವನು’ ಯಾರು ಎಂದು ತಿಳಿಯದೇ ಹೋಗುತ್ತದೆ, ಅಲ್ಲಿ ಹೆಸರು ಹಾಕಿ. ‘ವೀಕ್ಷಿಸಿದನು’, ‘ನಿರ್ಗಮಿಸಿದನು’ ಎಂದಿದ್ದರೆ ‘ನೋಡಿದ’, ‘ಹೋದ’ ಮಾಡಿ. ಸಾಲು ಸಾಲು ಚುಕ್ಕೆ, ಮೂರು ಮೂರು ಆಶ್ಚರ್ಯ ಚಿಹ್ನೆ ತೆಗೆಯಿರಿ. ‘ಒಂದು ರೀತಿಯ’, ‘ಏನೋ ಒಂಥರಾ’ ಬಂದ ಕಡೆಯಲ್ಲಿ ನೀವು ಸರಿಯಾದ ಪದ ಹುಡುಕದೆ ಮುಂದೆ ಹೋಗಿದ್ದೀರಿ, ಈಗ ಹುಡುಕಿ.

ಉಪಮೆಗಳ ಲೆಕ್ಕ ಹಾಕಿ. ಪುಟಕ್ಕೆ ಒಂದಕ್ಕಿಂತ ಜಾಸ್ತಿ ಇದ್ದರೆ ಕೆಟ್ಟವನ್ನು ಬಿಡಿ, ಒಳ್ಳೆಯದನ್ನು ಇಟ್ಟುಕೊಳ್ಳಿ. ಯಾವುದು ಒಳ್ಳೆಯದು ಎಂದು ಗೊತ್ತಾಗದಿದ್ದರೆ ಎಲ್ಲವನ್ನೂ ಬಿಡಿ.

## ಹಂತ 9: ಇಬ್ಬರಿಗೆ ಓದಲು ಕೊಡಿ

ಮನೆಯವರು ‘ಚೆನ್ನಾಗಿದೆ’ ಎನ್ನುತ್ತಾರೆ. ಅದು ಪ್ರೀತಿ, ಅಭಿಪ್ರಾಯವಲ್ಲ. ಇಬ್ಬರು ಓದುಗರು ಬೇಕು. ಒಬ್ಬರು ಕತೆ ಓದುವ ಅಭ್ಯಾಸವಿರುವವರು. ಇನ್ನೊಬ್ಬರು ಆ ಕೆಲಸ ಗೊತ್ತಿರುವವರು. ಗಣೇಶನ ಕತೆಯನ್ನು ನಿಜವಾಗಿ ತೂಕ ಬರೆದ ಒಬ್ಬ ರೈಟರ್ ಓದಬೇಕು. ‘ಚೀಲವನ್ನು ಹಾಗೆ ತೂಗಲ್ಲ, ಮೊದಲು ಹಸಿಕಾಯಿ ಎಷ್ಟಿದೆ ಅಂತ ಸುರಿದು ನೋಡ್ತೀವಿ’ ಎಂದು ಅವರು ಹೇಳಿದರೆ ನಿಮಗೆ ಪುಕ್ಕಟೆಯಾಗಿ ಒಂದು ದೃಶ್ಯ ಸಿಕ್ಕಿತು.

‘ಹೇಗಿದೆ?’ ಎಂದು ಕೇಳಬೇಡಿ. ಇಷ್ಟು ಕೇಳಿ: ಎಲ್ಲಿ ಬೋರಾಯ್ತು? ಎಲ್ಲಿ ಅರ್ಥವಾಗಲಿಲ್ಲ? ಕೊನೆಗೆ ಏನಾಯಿತು ಅಂತ ನಿಮ್ಮ ಮಾತಲ್ಲಿ ಹೇಳಿ. ಅವರು ಹೇಳುವಾಗ ಬಾಯಿ ಬಿಡಬಾರದು. ‘ಅದು ಹಾಗಲ್ಲ, ನಾನು ಹೇಳಲು ಹೊರಟಿದ್ದು…’ ಎಂದು ಶುರು ಮಾಡಿದರೆ ಮುಗಿಯಿತು, ಮುಂದಿನ ಸಲ ಅವರೂ ‘ಚೆನ್ನಾಗಿದೆ’ ಎನ್ನುತ್ತಾರೆ.

ಇಬ್ಬರೂ ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ಖಂಡಿತ ತೊಂದರೆಯಿದೆ. ಆದರೆ ಅವರು ಸೂಚಿಸುವ ಪರಿಹಾರವನ್ನು ಹಾಗೇ ಒಪ್ಪಬೇಕಿಲ್ಲ. ಗಾಯ ಎಲ್ಲಿದೆ ಎಂದು ಓದುಗರಿಗೆ ಗೊತ್ತಾಗುತ್ತದೆ, ಮದ್ದು ನಿಮ್ಮದು.

## ಹಂತ 10: ಕಳಿಸುವುದು

ಮಯೂರ, ತುಷಾರದಂಥ ಮಾಸಪತ್ರಿಕೆಗಳು, ಸುಧಾ, ತರಂಗದಂಥ ವಾರಪತ್ರಿಕೆಗಳು, ದೀಪಾವಳಿ ಸಮಯದ ಕಥಾಸ್ಪರ್ಧೆಗಳು ಹೊಸಬರಿಗೂ ತೆರೆದಿವೆ. ಪದಮಿತಿ, ಕೊನೆಯ ದಿನ, ವಿಳಾಸವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಹಳೆಯ ವಾಟ್ಸ್ಯಾಪ್ ಫಾರ್ವರ್ಡ್ ನಂಬಬೇಡಿ.

ಎರಡು ಕಡೆ ಜನ ಎಡವುತ್ತಾರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲು ಬೇರೆಯವರ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪತ್ರಿಕೆ ಬೇರೆ ಕೇಳಿದ್ದರೆ ಕೊನೆಯಲ್ಲಿ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ನೆಟ್ಟಗಿವೆಯೇ ಎಂದು ಪೂರ್ತಿ ಓದಿ. ಎರಡನೆಯದು, ಕತೆಯನ್ನು ಫೇಸ್‌ಬುಕ್ಕಿನಲ್ಲಿ ಹಾಕಿ ಆಮೇಲೆ ಕಳಿಸುವುದು. ಸ್ಪರ್ಧೆಗಳು ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗದ ಕತೆ ಕೇಳುತ್ತವೆ, ಜಾಲತಾಣದಲ್ಲಿ ಹಾಕಿದ್ದೂ ಪ್ರಕಟವಾದಂತೆಯೇ. ಒಂದೇ ಕತೆಯನ್ನು ಒಂದೇ ಸಲ ಎರಡು ಪತ್ರಿಕೆಗೆ ಕಳಿಸಬೇಡಿ.

ಕತೆಯ ಹೆಸರು, ಕಳಿಸಿದ ದಿನ, ಯಾರಿಗೆ ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಉತ್ತರ ಬರಲು ತಿಂಗಳುಗಳೇ ಆಗಬಹುದು, ಬರದೆಯೂ ಇರಬಹುದು. ಅಷ್ಟರಲ್ಲಿ ಹಂತ 4ರಲ್ಲಿ ಕತ್ತರಿಸಿ ಇಟ್ಟ ಫೈಲನ್ನು ತೆರೆದು ನೋಡಿ. ಗಣೇಶನ ಕತೆಗೆ ಬೇಡವಾದ ಒಂದು ದೃಶ್ಯದಲ್ಲಿ ಒಂದು ವಾಕ್ಯಕ್ಕೆ ಇಳಿಸಬಹುದಾದ ಬೇರೆ ಕತೆ ಇರಬಹುದು.